ತಿಮ್ಮಪ್ಪನೋರ ಕಾರು

ನಮ್ಮೂರಿನಲ್ಲಿ ಒಮ್ಮೆ ಇಟ್ಟ ಹೆಸರು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಬಸ್ಸು ನಿಲ್ಲುವ ಕಡೆ ಇದ್ದ ಹುಣಸೆಮರ ಕಡಿದು ಮೂವತ್ತು ವರ್ಷವಾಯಿತು. ಇವತ್ತಿಗೂ ಅದು ಹುಣಸೆಮರದ ಸ್ಟಾಪೇ. ಶಾಂತರಾಜುವಿನ ಬಿಳಿ ಕಾರಿನ ಕತೆಯೂ ಹಾಗೇ ಆಗಿತ್ತು. ಅದನ್ನು ಅವನು ಊರ ಗೌಡರಾದ ತಿಮ್ಮಪ್ಪನವರಿಂದ ಕೊಂಡು ಮೂರು ವರ್ಷವಾಗಿತ್ತು. ಪೂರ್ತಿ ದುಡ್ಡು ಕೊಟ್ಟಿದ್ದ, ಹಾಸನಕ್ಕೆ ಎರಡು ಸಲ ಅಲೆದು ಆರ್‌ಸಿಯನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಊರಿನ ಬಾಯಲ್ಲಿ ಮಾತ್ರ ಅದು ತಿಮ್ಮಪ್ಪನೋರ ಕಾರಾಗಿಯೇ ಉಳಿದಿತ್ತು.

ನುಗ್ಗೇಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ಊರು ನಮ್ಮದು. ಶಾಂತರಾಜು ಇಲ್ಲಿನ ಪಂಚಾಯಿತಿ ವಾಟರ್‌ಮನ್. ಅವನ ಅಪ್ಪ ಚಲುವಯ್ಯ ಕೆರೆಯ ನೀರುಗಂಟಿಯಾಗಿದ್ದವನು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವನ ಕೆಲಸ. ತಿಮ್ಮಪ್ಪನವರ ಗದ್ದೆಗೆ ಮೊದಲು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಗನ ಕೈಗೆ ಬಂದದ್ದು ಮೂರು ಬೋರ್‌ವೆಲ್, ಒಂದು ಟ್ಯಾಂಕು, ನಾಲ್ಕು ವಾಲ್ವು. ಐವತ್ತೆರಡು ವರ್ಷದ ಈ ಮನುಷ್ಯನಿಗೆ ನೀರಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಲಾರರು. ಟೀ ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟಿದ ಉಪ್ಪನ್ನು ಉಗುರಿನಿಂದ ಕೆರೆದು, ಈ ಮನೆಗೆ ಯಾವ ಬೋರಿನ ನೀರು ಬರುತ್ತದೆ ಎಂದು ಹೇಳಿಬಿಡುತ್ತಾನೆ. ಸ್ಕೂಲ್ ಹಿಂದಿನ ಬೋರಿನದು ಸುಣ್ಣದಂಥ ಬಿಳುಪು. ತಿಮ್ಮಪ್ಪನವರ ತೆಂಗಿನ ತೋಟದ ಸ್ವಂತ ಬೋರಿನದು ಕಾವಿಕಲ್ಲಿನ ಕೆಂಪು. ಉಳಿದವು ಎರಡರ ನಡುವೆ.

ಇಂಥ ಬುದ್ಧಿವಂತನಿಗೆ ಒಂದು ದುರ್ಬಲ ಜಾಗವಿತ್ತು. ತಿಮ್ಮಪ್ಪನವರು ಏನು ಹೇಳಿದರೂ ಅವನ ಗಂಟಲಿನಿಂದ ತಾನಾಗಿ ‘ಊಂ’ ಬಂದುಬಿಡುತ್ತಿತ್ತು. ಕಾರು ಮಾರಿದ ಮೇಲೂ ಅವರು ತಿಂಗಳಿಗೊಮ್ಮೆ ಹಾಸನಕ್ಕೋ ಚನ್ನರಾಯಪಟ್ಟಣಕ್ಕೋ ಹೋಗಬೇಕೆಂದು ಹೇಳಿಕಳಿಸುತ್ತಿದ್ದರು. ಪೆಟ್ರೋಲನ್ನು ತಾವೇ ಹಾಕಿಸುತ್ತಿದ್ದರು, ಆ ವಿಷಯದಲ್ಲಿ ಅವರದು ನೇರ ವ್ಯವಹಾರ. ಆದರೆ ಬಿಡುವಿದೆಯಾ ಎಂದು ಒಂದು ಸಲವೂ ಕೇಳಲಿಲ್ಲ. ಮುಂದಿನ ಎಡಸೀಟಿನಲ್ಲಿ, ತಮ್ಮ ಉದ್ದ ಕಾಲಿಗೆ ಬೇಕಾದಷ್ಟು ಹಿಂದಕ್ಕೆ ತಳ್ಳಿಕೊಂಡ ಆ ಸೀಟಿನಲ್ಲಿ, ಮೊದಲಿನಂತೆಯೇ ಕೂರುತ್ತಿದ್ದರು. ಆ ಸೀಟನ್ನು ಶಾಂತರಾಜು ಮೂರು ವರ್ಷದಲ್ಲಿ ಒಂದಿಂಚೂ ಮುಂದಕ್ಕೆ ಎಳೆದಿರಲಿಲ್ಲ. ಎಳೆಯಬೇಡ ಎಂದು ಯಾರೂ ಹೇಳಿರಲಿಲ್ಲ.

ಅವನಿಗೆ ನಿಜವಾಗಿ ಚುಚ್ಚಿದ್ದು ಹೋದ ವರ್ಷ. ತಾಯಿ ಸಣ್ಣಕ್ಕನಿಗೆ ಜ್ವರ ಏರಿ, ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹಾಸನದ ಆಸ್ಪತ್ರೆಗೆ ಓಡಿಸಿದ್ದ. ಇಷ್ಟು ದೂರ ಹೇಗೆ ಬಂದಿರಿ ಎಂದು ನರ್ಸಮ್ಮ ಕೇಳಿದಾಗ ಮುದುಕಿ, “ಗೌಡ್ರ ಕಾರಲ್ಲಿ ಬಂದೊ ಕಣವ್ವ, ಪುಣ್ಯಾತ್ಮರು” ಎಂದಳು. ಮಗ ಪಕ್ಕದಲ್ಲೇ ಕಾರಿನ ಕೀ ಹಿಡಿದುಕೊಂಡು ನಿಂತಿದ್ದ. ಹೆತ್ತ ತಾಯಿಯೇ ಹೀಗೆಂದ ಮೇಲೆ ಊರನ್ನು ಅಂದು ಏನು ಫಲ?

ಈ ಜುಲೈನಲ್ಲಿ ಅವನ ಮಗಳು ತೇಜಶ್ರೀಗೆ ಅರಕಲಗೂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸವಾಯಿತು. ಸೋಮವಾರ ಹತ್ತು ಗಂಟೆಗೆ ಹಾಜರಾಗಬೇಕು. ಮೊದಲ ದಿನ ನಮ್ಮ ಕಾರಲ್ಲೇ ಬಿಟ್ಟುಬರುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ‘ನಮ್ಮ ಕಾರು’ ಎನ್ನುವಾಗ ಅವನ ದನಿ ಸ್ವಲ್ಪ ಏರುತ್ತಿತ್ತು. ಹಿಂದಿನ ಶುಕ್ರವಾರ ಬೆಳಿಗ್ಗೆ ಅವನು ವಾಲ್ವು ತಿರುಗಿಸುತ್ತಿದ್ದಾಗ ತಿಮ್ಮಪ್ಪನವರು ಆ ದಾರಿಯಲ್ಲಿ ಬಂದರು. ಸೋಮವಾರ ಹಾಸನದಲ್ಲಿ ಕಣ್ಣಿನ ಡಾಕ್ಟರನ್ನು ನೋಡಬೇಕು, ಎಂಟಕ್ಕೆ ಕಾರು ತಗೊಂಡು ಬಾ ಎಂದರು. ಶಾಂತರಾಜು ‘ಊಂ’ ಎಂದ. ಅವರು ತಿರುವಿನಲ್ಲಿ ಮರೆಯಾದ ಮೇಲೆ ಅವನಿಗೆ ಸೋಮವಾರ ನೆನಪಾಯಿತು.

ಮನೆಗೆ ಬಂದು ನೋಡಿದರೆ ಕಾರಿನ ಕೆಳಗೆ ನೆಲ ಒದ್ದೆ. ಬಾನೆಟ್ ಎತ್ತಿ ಕೈಯಾಡಿಸಿದ. ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಹನಿ ಬೀಳುತ್ತಿತ್ತು. ಒಳಗಿನ ಸೀಲು ಹೋಗಿದೆ ಎಂದು ತಿಳಿಯಲು ಅವನಿಗೆ ಮೆಕ್ಯಾನಿಕ್ ಬೇಕಿರಲಿಲ್ಲ, ಬೋರಿನ ಪಂಪುಗಳೂ ಹೀಗೇ ಸಾಯುವುದು. ಹೆಂಡತಿ ಕವನಾ ಎಲ್ಲವನ್ನೂ ಕೇಳಿಸಿಕೊಂಡು, “ಊಂ ಅಂದ್ರಾ?” ಎಂದು ಒಂದೇ ಮಾತು ಕೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದವಳ ಮುಖ ಗೆಲುವಾಗಿತ್ತು. ಒಂದು ಲೆಕ್ಕಕ್ಕೆ ಕೆಟ್ಟಿದ್ದೇ ಒಳ್ಳೆಯದಾಯಿತು, ಕಾರು ರಿಪೇರಿ ಎಂದು ಗೌಡರಿಗೆ ಹೇಳಿಬಿಡಿ, ನಾವು ಬಸ್ಸಿಗೆ ಹೋಗೋಣ ಎಂದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಶಾಂತರಾಜು ಒಪ್ಪಲಿಲ್ಲ. ಸೋಮವಾರದೊಳಗೆ ರಿಪೇರಿ ಮಾಡುತ್ತೇನೆ ಎಂದ. ಮಾಡಿದರೆ ಕಾರು ಯಾವ ಕಡೆಗೆ ಹೋಗುತ್ತದೆ ಎಂದು ಕವನಾ ಕೇಳಿದಳು. ಅವನು ಬಗ್ಗಿ ಮತ್ತೆ ಆ ಹನಿಯ ಕೆಳಗೆ ಬೆರಳು ಹಿಡಿದ.

ಶನಿವಾರ ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋದ. ಅಲ್ಲಿನ ಗ್ಯಾರೇಜಿನ ಮೋಹನ್‌ಕುಮಾರ್ ಮಂಗಳವಾರದ ತನಕ ಕೈ ಬಿಡುವಿಲ್ಲ ಎಂದ. ಆದರೆ ಒಳ್ಳೆಯ ಮನುಷ್ಯ, ಯಾವ ಪಂಪು ತರಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟ. ಟೈಮಿಂಗ್ ಬೆಲ್ಟ್ ಬಿಚ್ಚುವ ಮೊದಲು ಗುರುತು ಹಾಕಿಕೋ, ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ನಿನ್ನ ಮಾತು ಕೇಳುವುದಿಲ್ಲ ಎಂದು ಎಚ್ಚರಿಸಿದ. ಕೊನೆಗೆ, ಇನ್ನು ಮೇಲೆ ನಲ್ಲಿ ನೀರು ಹುಯ್ಯಬೇಡ, ಕೂಲಂಟ್ ಹಾಕು ಎಂದ. ಊರಿಗೆಲ್ಲ ನೀರು ಬಿಡುವವನಿಗೆ ಈ ಕೊನೆಯ ಮಾತು ಸ್ವಲ್ಪ ಮುಜುಗರ ತಂದಿತು.

ಚೀಟಿಯಲ್ಲಿದ್ದದ್ದನ್ನೆಲ್ಲ ಕೊಂಡು ತಂದು, ಮಧ್ಯಾಹ್ನ ಮನೆಯ ಮುಂದೆ ಕೆಲಸ ಶುರುಮಾಡಿದ. ಹಳೇ ನೀರನ್ನು ಬಕೆಟ್ಟಿಗೆ ಇಳಿಸಿದ. ಬೆಲ್ಟು, ರಾಟೆ, ಮುಂದಿನ ಮುಚ್ಚಳ ಒಂದೊಂದಾಗಿ ಬಿಚ್ಚಿ, ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಗೋಣಿತಾಟಿನ ಮೇಲೆ ಜೋಡಿಸಿದ. ಟೈಮಿಂಗ್ ಬೆಲ್ಟಿಗೆ ತೇಜಶ್ರೀ ತನ್ನ ಕೆಂಪು ನೇಲ್ ಪಾಲಿಶ್‌ನಿಂದ ಗುರುತು ಹಾಕಿದಳು, ಫೋನಿನಲ್ಲಿ ಫೋಟೋ ಕೂಡ ತೆಗೆದಿಟ್ಟಳು. ಹಳೇ ಪಂಪು ಹಟ ಮಾಡಿ, ಮರದ ತುಂಡಿಟ್ಟು ನಾಲ್ಕು ಏಟು ಕೊಟ್ಟ ಮೇಲೆ ಕಳಚಿಕೊಂಡಿತು.

ಅದನ್ನು ತಿರುಗಿಸಿ ನೋಡಿದವನು ಅಲ್ಲೇ ಕಲ್ಲಿನ ಮೇಲೆ ಕೂತ. ರೆಕ್ಕೆಗಳು ಸವೆದು ಅರ್ಧವಾಗಿದ್ದವು, ಮೂಲೆಮೂಲೆಗೆ ಉಪ್ಪು ಕಟ್ಟಿತ್ತು. ಸ್ಕ್ರೂಡ್ರೈವರಿನಿಂದ ಒಂದು ಹಕ್ಕಳೆ ಎಬ್ಬಿಸಿದ. ಮೇಲೆ ತೆಳ್ಳಗೆ ಬಿಳುಪು, ಅದರ ಕೆಳಗೆ ದಪ್ಪನಾದ ಕೆಂಪು. ಇನ್ನೊಬ್ಬನಿಗೆ ಅದು ಕಸ. ಶಾಂತರಾಜುವಿಗೆ ಅಲ್ಲಿ ಎಲ್ಲವೂ ಬರೆದಿಟ್ಟಂತೆ ಕಂಡಿತು. ಕೆಂಪು ತಿಮ್ಮಪ್ಪನವರ ತೋಟದ ನೀರು, ಅವರ ಮನೆಯಲ್ಲಿ ಕಾರು ಇದ್ದ ಹನ್ನೊಂದು ವರ್ಷದ್ದು. ಬಿಳುಪು ಸ್ಕೂಲ್ ಹಿಂದಿನ ಬೋರಿನದು, ಮೂರು ವರ್ಷದಿಂದ ಅವನೇ ಕೈಯಾರೆ ಹುಯ್ದದ್ದು. ಪಂಪನ್ನು ತಿಂದದ್ದು ಅವರ ನೀರು ಮಾತ್ರ ಎಂದು ಹೇಳಿ ಜಾರಿಕೊಳ್ಳುವ ಹಾಗಿರಲಿಲ್ಲ. ಅದನ್ನು ನೋಡಿ ಅವನಿಗೆ ನಾಚಿಕೆಯಾಯಿತು, ಜೊತೆಗೆ ಒಂದು ಥರ ಸಂತೋಷವೂ ಆಯಿತು. ತೆಳ್ಳಗಾದರೂ ಮೇಲಿನ ಪದರ ತನ್ನದು ಎಂದುಕೊಂಡ.

ಭಾನುವಾರ ಹೊಸ ಪಂಪು ಕೂರಿಸುವಾಗ ಕಸುಬಿನ ಚಾಳಿ ಕೈಕೊಟ್ಟಿತು. ನಲ್ಲಿಯ ಜಾಯಿಂಟಿಗೆ ಹಾಕುವ ಹಾಗೆ ಗ್ಯಾಸ್ಕೆಟ್ಟಿನ ಸುತ್ತ ಸೆಣಬು ಸುತ್ತಿ, ಬಿಳಿ ಪೇಸ್ಟ್ ಮೆತ್ತಿ, ಬೋಲ್ಟು ಬಿಗಿದ. ತೇಜಶ್ರೀ ಬೇಡ ಎಂದಳು. ಇಪ್ಪತ್ತೆರಡು ವರ್ಷದಿಂದ ನೀರು ನಿಲ್ಲಿಸುತ್ತಿದ್ದೇನೆ, ನನಗೆ ಹೇಳಬೇಡ ಎಂದು ಗದರಿದ. ನೀರು ತುಂಬಿಸಿ ಸ್ಟಾರ್ಟ್ ಮಾಡಿ ಐದು ನಿಮಿಷವಾಗಿರಲಿಲ್ಲ, ಜಾಯಿಂಟಿನ ಸುತ್ತ ಕಾರಂಜಿ. ಮಗಳು ನಗಲಿಲ್ಲ, ಅದು ಅವಳ ದೊಡ್ಡತನ. ಮತ್ತೆ ಎಲ್ಲ ಬಿಚ್ಚಿ, ಸೆಣಬನ್ನು ಕಿತ್ತು, ಅಂಟಿದ್ದನ್ನೆಲ್ಲ ಬ್ಲೇಡಿನಿಂದ ಹೆರೆದು, ಕಾಗದದಂಥ ಹೊಸ ಗ್ಯಾಸ್ಕೆಟ್ಟನ್ನು ಮಾತ್ರ ಇಟ್ಟು, ಎಲ್ಲ ಬೋಲ್ಟುಗಳನ್ನೂ ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯುವ ಹೊತ್ತಿಗೆ ಮೂರು ಗಂಟೆ. ಹಸಿರು ಕೂಲಂಟಿಗೆ ಬ್ಯಾಟರಿ ನೀರು ಬೆರೆಸಿ ತುಂಬಿದ. ಅರ್ಧ ಗಂಟೆ ಎಂಜಿನ್ ಓಡಿತು. ಬಿಸಿ ತೋರಿಸುವ ಮುಳ್ಳು ನಡುಮಧ್ಯೆ ನಿಂತಿತು, ಕೆಳಗಿಟ್ಟ ಕಾಗದ ಒಣಗಿಯೇ ಇತ್ತು.

ನಾಲ್ಕಕ್ಕೆ ತಿಮ್ಮಪ್ಪನವರು ಬಂದರು. ಕಾರು ಕೆಟ್ಟಿದೆ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು. ಅಷ್ಟರಲ್ಲಿ ಎಂಜಿನ್ ಆರಿಸಿಯಾಗಿತ್ತು. ಬಾನೆಟ್ ಎತ್ತಿಯೇ ಇತ್ತು. ಬಾಗಿಲಲ್ಲಿ ನಿಂತಿದ್ದ ಕವನಾ ಗಂಡನ ಕಡೆ ನೋಡಿದಳು. ಇನ್ನೂ ಆಗಿಲ್ಲ ಗೌಡ್ರೇ ಎಂದರೆ ಮುಗಿಯಿತು. ಸುಳ್ಳು ನಾಲಿಗೆಯ ತುದಿಯ ತನಕ ಬಂದಿತ್ತು ಎಂದು ಆಮೇಲೆ ಅವನೇ ನನಗೆ ಹೇಳಿದ.

ಗೌಡರು ಕಲ್ಲಿನ ಮೇಲಿದ್ದ ಹಳೇ ಪಂಪನ್ನು ಕೈಗೆತ್ತಿಕೊಂಡು, ಇದೇನು ಕೆಂಪಗೆ ಎಂದು ಕೇಳಿದರು.

“ಅದು ನಿಮ್ ತ್ವಾಟದ ನೀರು ಗೌಡ್ರೇ. ಮ್ಯಾಗಿನ ಬಿಳೀದು ನಮ್ದು.”

ಅವರು ಉಗುರಿನಿಂದ ಕೆರೆದು ನೋಡಿದರು. “ನಂದೇ ದಪ್ಪ ಅದೆ ಕಣ್ಲಾ” ಎಂದರು. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಂತಿತ್ತು.

“ಊಂ. ಅದ್ಕೇ ತೆಗುದಾಕ್ದೆ.”

ಗೌಡರು ಅದನ್ನು ತಮಾಷೆ ಎಂದುಕೊಂಡರೋ ಏನೋ. ಸರಿ, ರೆಡಿಯಾಯಿತಲ್ಲ, ನಾಳೆ ಎಂಟಕ್ಕೆ ಬಾ ಎಂದು ತಿರುಗಿದರು. ಶಾಂತರಾಜು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

“ನಾಳೀಕ್ ಆಗಾಕಿಲ್ಲ ಗೌಡ್ರೇ. ಮಗೀನ ಕರ್ಕಂಡು ಅರಕಲಗೂಡಿಗೆ ಓಯ್ತಾ ಇವ್ನಿ. ಸುಕ್ರವಾರ ಊಂ ಅಂದಿದ್ದು ನಂದೇ ತೆಪ್ಪು.”

“ಯಾಕ್ಲಾ, ಅರಕಲಗೂಡಿಗೆ ಬಸ್ಸಿಲ್ವಾ?”

“ಅದೆ ಗೌಡ್ರೇ. ಆಸನಕ್ಕೂ ಅದೆ.”

ಇದರಲ್ಲಿ ಕೊಬ್ಬಿರಲಿಲ್ಲ, ಇದ್ದದ್ದು ಬಸ್ಸಿನ ವಿಷಯ ಅಷ್ಟೇ. ಆದರೂ ಗೌಡರು ಪಂಪನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟು, ಕೈಗೆ ಹತ್ತಿದ ಕೆಂಪನ್ನು ಉಜ್ಜಿಕೊಳ್ಳುತ್ತ ಹೊರಟುಹೋದರು. ಶಾಂತರಾಜು ತುಂಬ ಹೊತ್ತು ಸ್ಪ್ಯಾನರುಗಳನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಮುಂದಿನ ಎಡಸೀಟಿನ ಹಳಿಗೆ ಎಣ್ಣೆ ಬಿಟ್ಟ. ತುಕ್ಕು ಹಿಡಿದಿದ್ದ ಸೀಟು ಕಿರ್ರೆಂದು ಕೂಗಿ ಮಗಳ ಕಾಲಳತೆಗೆ ಮುಂದಕ್ಕೆ ಬಂತು.

ಸೋಮವಾರ ಊರಿಗೆ ನೀರು ಬಿಡಲು ತಾನೇ ಉಳಿಯುತ್ತೇನೆಂದು ವಾಲ್ವಿನ ಕೀಯನ್ನು ಕವನಾ ಇಸಿದುಕೊಂಡಳು. ಮೊಮ್ಮಗಳು ಕೂರುವ ಕುರ್ಚಿ ನೋಡಬೇಕೆಂದು ಸಣ್ಣಕ್ಕ ಹೊಸ ಸೀರೆಯುಟ್ಟು ಹಿಂದಿನ ಸೀಟು ಹತ್ತಿದಳು. ಏಳಕ್ಕೆ ಮೊದಲೇ ಹೊರಟರು. ಹುಣಸೆಮರದ ಸ್ಟಾಪಿನಲ್ಲಿ ತಿಮ್ಮಪ್ಪನವರು ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಆಸ್ಪತ್ರೆಯ ಕವರು ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ಶಾಂತರಾಜು ಮುಂದೆ ಹೋಗಬಹುದಿತ್ತು. ಅವನ ಕಾಲು ಬ್ರೇಕ್ ಒತ್ತಿತು. ಗೌಡರು ಅಭ್ಯಾಸಬಲದಿಂದ ಮುಂದಿನ ಬಾಗಿಲಿಗೇ ಕೈ ಹಾಕಿದರು. ಒಳಗೆ ಕೂತಿದ್ದ ತೇಜಶ್ರೀ ಗಾಜು ಇಳಿಸಿದಳು.

“ಇಂದ್ಗಡೆ ಜಾಗ ಅದೆ ತಾತ, ಕೂತ್ಕಳಿ. ಪಟ್ಟಣದ್ ತಂಕ ಬಿಡ್ತೀವಿ.”

ಅವರು ಮುಂದಿನ ಬಾಗಿಲು ಬಿಟ್ಟು, ಹಿಂದಿನ ಬಾಗಿಲು ತೆಗೆದು ಕೂತರು. ಸಣ್ಣಕ್ಕ ಸೆರಗು ಎಳೆದುಕೊಂಡು ಆಚೆ ಬಾಗಿಲಿಗೆ ಅಂಟಿ ಮುದುಡಿಕೊಂಡಳು. ಎಪ್ಪತ್ತೈದು ವರ್ಷದಲ್ಲಿ ಅವಳು ಆ ಮನೆಯವರ ಪಕ್ಕದಲ್ಲಿ ಕೂತದ್ದು ಅದೇ ಮೊದಲು. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಗೌಡರಿಗೆ ತೆಂಗಿನಕಾಯಿ ಮಂಡಿಯ ರಾಮಣ್ಣ ಎದುರಾದ. ಏನು ಗೌಡ್ರೇ, ನಿಮ್ಮ ಕಾರಲ್ಲಿ ಬಂದ್ರಾ ಎಂದು ಕೇಳಿದ. ಗೌಡರು ‘ಊಂ’ ಎಂದರು. ಅದು ಬರೀ ಬಾಯಿಗೆ ಬಂದ ಊಂ ಎಂದು ಶಾಂತರಾಜುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಆದರೂ ಅವನಿಗೆ ಬೇಸರವಾಯಿತು, ಗೇರು ಬದಲಿಸುವಾಗ ಕೈ ಸ್ವಲ್ಪ ಒರಟಾಯಿತು.

ಹೊಳೆನರಸೀಪುರದಲ್ಲಿ ಟೀಗೆ ನಿಲ್ಲಿಸಿದರು. ಎಂಜಿನ್ ಆರಿಸಿ ಬಾನೆಟ್ ಎತ್ತಿ ನೋಡಿದ. ಜಾಯಿಂಟಿನ ಸುತ್ತ ಒಂದು ಹನಿಯೂ ಇರಲಿಲ್ಲ. ಅಂಗಡಿಯ ಶಿವಗಂಗಮ್ಮ ಲೋಟ ಕೊಡುತ್ತ ಸಣ್ಣಕ್ಕನ ಹೊಸ ಸೀರೆ ನೋಡಿ, ಎಲ್ಲಿಂದ ಬಂದಿರಿ, ಯಾವ ಬಸ್ಸು ಎಂದು ವಿಚಾರಿಸಿದಳು.

“ಬಸ್ಸಲ್ಲ ಕಣವ್ವ,” ಎಂದಳು ಸಣ್ಣಕ್ಕ. “ನಮ್ ಕಾರಲ್ಲಿ ಬಂದೊ. ನಿನ್ನೆ ನನ್ ಮಗ ಅದ್ರ ಒಳಗಿಂದೆಲ್ಲ ಬಿಚ್ಚಿ ಸರಿ ಮಾಡವ್ನೆ.”

ಶಾಂತರಾಜು ತಿರುಗಿ ನೋಡಲಿಲ್ಲ. ಟೀ ಆರುತ್ತಿದೆ ಎಂದು ಮಗಳು ಎರಡು ಸಲ ಕೂಗಿದರೂ ಬಾನೆಟ್ಟಿನ ಒಳಗೆ ತಲೆ ಬಗ್ಗಿಸಿಕೊಂಡೇ ನಿಂತಿದ್ದ.