ಮರಕ್ಕೆ ಕಿವಿಗೊಡುವ ಅಜೀಜ್ ಸಾಬರು

ವೈದ್ಯರು ಕೊಳವೆ ಹಚ್ಚಿ ಮನುಷ್ಯರ ಎದೆಯಲ್ಲಿ ಕೇಳುವುದನ್ನು ಬಾಳಗಡಿಯ ಅಬ್ದುಲ್ ಅಜೀಜ್ ಸಾಬರು ಬರಿಗಿವಿಯಲ್ಲಿ ಮರದಿಂದಲೇ ಕೇಳಿಸಿಕೊಳ್ಳುತ್ತಾರೆ ಎಂಬುದು ಕೊಪ್ಪದಿಂದ ನರಸಿಂಹರಾಜಪುರದವರೆಗೆ ಎಲ್ಲರಿಗೂ ಗೊತ್ತು. ಕೊಂಬೆಗೆ ಅಂಟಿ ರಸ ಹೀರುವ ಬಂದಳಿಕೆ ಕಡಿಯಲು ಮರ ಹತ್ತುವ ಮುನ್ನ ಅವರು ಕಾಂಡಕ್ಕೆ ಕಿವಿಯೊತ್ತಿ, ಕಣ್ಣು ಮುಚ್ಚಿ ಎರಡು ನಿಮಿಷ ನಿಲ್ಲುತ್ತಾರೆ. ಆ ಎರಡು ನಿಮಿಷ ಸುತ್ತ ನಿಂತವರು ಕೆಮ್ಮುವುದಿಲ್ಲ. ಕಿಗ್ಗದ ಕಡೆಯ ಹಲಸೊಂದು 'ಎಡಗೈ ನೋಯುತ್ತಿದೆ' ಎಂದಿತಂತೆ. ಸಾಬರು ಎಡಗಡೆಯ ಕೊಂಬೆಯನ್ನೇ ಕಡಿದರಂತೆ. ಮರುವರ್ಷ ಬುಡದಿಂದ ತುದಿಯವರೆಗೆ ಕಾಯಂತೆ! ಆ ಹಲಸನ್ನು ಕಣ್ಣಾರೆ ಕಂಡವರು ಯಾರೂ ಸಿಕ್ಕಿಲ್ಲ. ಅದರಿಂದ ಕಥೆಗೇನೂ ತೊಂದರೆಯಾಗಿಲ್ಲ.

ಈ ಸಲ ಸಾಬರನ್ನು ಕರೆಸಿದ್ದು ನರಸಿಂಹರಾಜಪುರದ ಗಂಗಾಂಬಿಕೆ. ಅವರ ಹಿತ್ತಲಿನ ಮಿಡಿಮಾವು ಸಾಯುತ್ತಿತ್ತು. ಅತ್ತೆ ನೆಟ್ಟ ಮರ. ಮೂವತ್ತು ವರ್ಷದಿಂದ ಆ ಮನೆಯ ಉಪ್ಪಿನಕಾಯಿ ಜಾಡಿಗೆ ಬೇರೆ ಮರದ ಮಿಡಿ ಬಿದ್ದಿರಲಿಲ್ಲ. ಈಗ ಎರಡು ಕೊಂಬೆ ಪೂರ್ತಿ ಒಣಗಿ, ಉಳಿದವುಗಳಲ್ಲಿ ಮಾವಿನೆಲೆಗಿಂತ ಬಂದಳಿಕೆಯೇ ದಟ್ಟವಾಗಿತ್ತು.

"ಒಂದೂ ಬಿಡಬೇಡಿ ಅಜೀಜಣ್ಣ," ಎಂದರು ಗಂಗಾಂಬಿಕೆ.

"ಒಂದು ಬಿಡಿ ಮಾರಾಯ್ರೆ," ಎಂದರು ಜಗಲಿಯಿಂದ ಅವರ ಯಜಮಾನರು, ದಿನಸಿ ಅಂಗಡಿಯ ಸೋಮಶೇಖರಪ್ಪ. ಮಾವಿನ ಬಂದಳಿಕೆ ಗಲ್ಲಾಪೆಟ್ಟಿಗೆಯಲ್ಲಿದ್ದರೆ ವ್ಯಾಪಾರ ಕುದುರುತ್ತದೆಂದು ಅವರ ನಂಬಿಕೆ. ಪ್ರತಿ ದೀಪಾವಳಿಗೂ ಹೊಸ ಕಡ್ಡಿ ಬೇಕು. ಹೀಗಾಗಿ ಸಾಬರು ಬಂದಾಗಲೆಲ್ಲ ಒಂದು ಗೊಂಚಲಿಗೆ ಮಾತ್ರ ಜೀವದಾನ ಸಿಗುತ್ತಿತ್ತು.

"ನಿಮ್ಮ ಪೆಟ್ಟಿಗೆಗೆ ನನ್ನ ಮರ ಸಾಯ್ಬೇಕಾ?"

"ಕಡಿದ ಬಂದಳಿಕೆನ ನಿನ್ನ ದನ ಮೆಲ್ಲುವಾಗ ಬಾಯಿ ಬಿಡಲಿಲ್ಲ ನೀನು!"

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಗಳು ಶಿಲ್ಪಶ್ರೀಯೂ ಅಪ್ಪನ ಕಡೆ ವಾಲಿದಳು. "ಅಮ್ಮಾ, ಅದರ ಹೂವಿನ ಜೇನಿಗೇ ಸೂರಕ್ಕಿ ಬರೋದು. ಎಲೆ ಮೇಲೆ ಚಿಟ್ಟೆ ಮೊಟ್ಟೆ ಇಡ್ತದೆ."

"ಚಿಟ್ಟೆನ ಜಾಡಿಗೆ ಹಾಕ್ಲೇನೆ?"

ಬಂದಳಿಕೆಗೆ ಇಬ್ಬರು ವಕೀಲರು, ಮರಕ್ಕೆ ಗಂಗಾಂಬಿಕೆಯೊಬ್ಬರೇ. ಇನ್ನು ಸಾಬರ ಕಿವಿಯೇ ಗತಿ. ಆ ಕಿವಿ ಕಾಂಡಕ್ಕೆ ತಾಗಿದಾಗ ಗಂಗಾಂಬಿಕೆ ಉಸಿರು ಬಿಗಿಹಿಡಿದರು. ಆಮೇಲೆ ಸಾಬರು ಕತ್ತಿ ಸೊಂಟಕ್ಕೆ ಸಿಕ್ಕಿಸಿ, ಕೋಟೆಗೆ ಲಗ್ಗೆಯಿಡುವ ದಂಡನಾಯಕನಂತೆ ಏರಿದರು. ಗೊಂಚಲುಗಳು ದಬದಬ ಉರುಳಿದವು. ಕೊಟ್ಟಿಗೆಯಲ್ಲಿ ದನ ವಿಜಯೋತ್ಸವ ಶುರುಮಾಡಿತು.

ನಡುವಿನ ಕವಲಿನ ಹತ್ತಿರ ಕತ್ತಿ ನಿಂತಿತು.

"ಅಮ್ಮಾ, ಪ್ರತಿ ಸಲ ಸಾವ್ಕಾರ್ರು ಉಳಿಸಿದ ಗೊಂಚಲು ಇದೇ. ಬುಡ ನನ್ನ ತೋಳಿನಷ್ಟಾಗಿದೆ."

"ಕಡೀರಿ ಮತ್ತೆ!"

"ಮೇಲಿಂದ ಕಡಿದ್ರೆ ಮತ್ತೆ ಚಿಗುರ್ತದೆ. ಬೇರು ಮರದೊಳಗೆ ಹೊಕ್ಕಿದೆ. ಪೂರಾ ತೆಗೀಬೇಕಂದ್ರೆ ಕವಲೇ ಹೋಗ್ಬೇಕು. ಆಮೇಲೆ ಉಳಿಯೋದು ಮೋಟು."

"ಬಿಟ್ರೆ?"

"ಅದು ಕುಡೀತದೆ, ಇದು ಒಣಗ್ತದೆ."

"ಮರ ಸತ್ತ ಮೇಲೆ ಅದೂ ಸಾಯ್ತದೆ," ಎಂದಳು ಶಿಲ್ಪಶ್ರೀ ಮೆಲ್ಲಗೆ. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಸೋಮಶೇಖರಪ್ಪ ಕನ್ನಡಕ ತೆಗೆದು, ಒರೆಸಿದ್ದನ್ನೇ ಒರೆಸತೊಡಗಿದರು.

ಅಷ್ಟರಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಹಕ್ಕಿಯೊಂದು ಆಗಷ್ಟೇ ಬೋಳಾದ ಕೊಂಬೆಯ ಮೇಲೆ ಬಂದು ಕೂತಿತು. ಲಕೋಟೆ ಅಂಟಿಸುವ ಗುಮಾಸ್ತನ ಶಿಸ್ತಿನಿಂದ ಹಿಂಭಾಗವನ್ನು ತೊಗಟೆಗೆ ಉಜ್ಜಿ, ಅಂಟಂಟಾದ ಬಂದಳಿಕೆ ಬೀಜವೊಂದನ್ನು ಮೆತ್ತಿ ಹಾರಿಹೋಯಿತು. ನಾಲ್ವರೂ ನೋಡುತ್ತಲೇ ಇದ್ದರು.

ಸಾಬರು ಕೈಗೆಟುಕಿದ ಆ ಬೀಜವನ್ನು ಕೆರೆದರು, ಕವಲಿನ ಗೊಂಚಲನ್ನು ಮೇಲಿಂದಷ್ಟೇ ಕಡಿದರು, ಇಳಿದರು. ಗಂಗಾಂಬಿಕೆ ನೀರಿನ ಚೊಂಬು ಕೊಟ್ಟು, ಕೊನೆಯ ಆಸೆಯನ್ನು ಮುಂದಿಟ್ಟರು.

"ಹತ್ತೋ ಮೊದ್ಲು ಕಿವಿ ಇಟ್ರಲ್ಲ ಅಜೀಜಣ್ಣ, ಮರ ಎಂತ ಹೇಳ್ತು? ಉಳೀತೀನಿ ಅಂತಾ?"

ಸಾಬರು ಚೊಂಬು ಖಾಲಿ ಮಾಡಿ ಬಾಯೊರೆಸಿಕೊಂಡರು.

"ಮರ ಎಂತದೂ ಹೇಳಲ್ಲಮ್ಮ. ಮೇಲೆ ನೋಡಿದ ಕೂಡ್ಲೆ ನಂಗೆ ತಲೆ ಸುತ್ತು ಬರ್ತದೆ. ಅದು ನಿಲ್ಲೋ ತನಕ ಒರಗಿಕೊಳ್ಳೋದು, ಅಷ್ಟೇ."