ಚಿಗವ್ವ ಸಮುದ್ರವನ್ನು ಕೆರೆ ಅಂದುಕೊಂಡಾಗ

ಸಮುದ್ರದ ಅಂಚಿನಲ್ಲಿ ಗುಡಿಸಲು ಹಾಕುವಾಗ ನಮ್ಮ ಚಿಗವ್ವ ಆ ಜಾಗವನ್ನು ಬತ್ತಿದ ಕೆರೆ ಅಂದುಕೊಂಡಿದ್ದಳು. ನಗಬೇಡಿ. ಬಯಲುಸೀಮೆಯ ಕಾನಹೊಸಹಳ್ಳಿ ಕಡೆ ಹುಟ್ಟಿದವರಿಗೆ ಸಮುದ್ರ ಹೇಗೆ ಗೊತ್ತಿರಬೇಕು?

ಚಿಗವ್ವ ಅಂದರೆ ನಮ್ಮವ್ವನ ತಂಗಿ, ಹಾಲವ್ವ. ಮದುವೆಯಾದ ಹೊಸದರಲ್ಲೇ ಗಂಡನ ಜೊತೆ ಗೋವಾ ಕಡೆ ಗಾರೆ ಕೆಲಸಕ್ಕೆ ಹೋದವಳು. (ಊರಿನ ಹೆಸರು ಬೇಡ. ನಿಮ್ಮ ಟೂರ್ ಫೋಟೊಗಳಲ್ಲಿ ಅದು ಹೇಗೂ ಇರುತ್ತದೆ.) ಆಗ ಅಲ್ಲಿ ಇದ್ದದ್ದು ಮೀನುಗಾರರ ಮನೆಗಳು, ಒಂದು ಚರ್ಚು, ತೆಂಗಿನ ಗರಿಯ ಕೆಲವು ಅಂಗಡಿ. ಇರಲು ಜಾಗ ಹುಡುಕುತ್ತಿದ್ದವರಿಗೆ ಊರಾಚೆ ಅಗಲವಾದ ಒಣ ಬಯಲು ಕಂಡಿತು.

ನಮ್ಮ ಕಡೆ ನೀರು ಸರಿದ ಕೆರೆಯಂಗಳದಲ್ಲಿ ಕಡಲೆ ಬಿತ್ತುತ್ತಾರೆ, ರಾತ್ರಿ ಕುರಿ ತರುಬುತ್ತಾರೆ. ನೀರು ಬಂದರೆ ಎದ್ದು ಬರುತ್ತಾರೆ, ಅಷ್ಟೆ. ನಮ್ಮವರು ಅಲ್ಲಿಯೂ ಅದನ್ನೇ ಮಾಡಿದರು. ಹುಣ್ಣಿಮೆಯ ದಿನ ಸಮುದ್ರದ ಭರತ ಉಕ್ಕಿ ಬಂದಾಗ ಗುಡಿಸಲೊಳಗೆ ಪಾತ್ರೆಗಳು ತೇಲಿದವು.

"ಮಳಿ ಇಲ್ಲ, ಹಳ್ಳ ಇಲ್ಲ, ನೀರು ಎಲ್ಲಿಂದ ಬಂತು ಅಂತ ನಿಮ್ ಚಿಗಪ್ಪ ಮ್ಯಾಲೆ ನೋಡಿಕೋಂತ ನಿಂತಿದ್ನಪ್ಪ" ಎಂದು ಚಿಗವ್ವ ಈಗಲೂ ನಗುತ್ತಾಳೆ. ಚಿಗಪ್ಪ ಈಗಿಲ್ಲ.

ಬೇರೆ ಜಾಗ ಯಾರು ಕೊಡುತ್ತಾರೆ? ಅಲ್ಲೇ ಉಳಿದರು. ಕೆಲಸ ಬಿಟ್ಟು ಬರುವಾಗ ಅಲ್ಲಿ ಸೇರಿದ ನಮ್ಮ ಕಡೆಯವರು ಪ್ರತಿಯೊಬ್ಬರೂ ಒಂದು ಬುಟ್ಟಿ ಒಡೆದ ಇಟ್ಟಿಗೆ, ಹೆಂಚು, ಟೈಲ್ಸ್ ಚೂರು ಹೊತ್ತು ತಂದು ಸುರಿದರು. ಫಾರಿನ್ನಿನವರು ಬಂದರು, ಲಾಡ್ಜ್ ಎದ್ದವು. ಲಾಡ್ಜ್ ಬಿದ್ದು ರಿಸಾರ್ಟ್ ಎದ್ದವು. ಆಮೇಲೆ ಸ್ಟಾರ್ ಹೋಟೆಲ್, ಫ್ಲೈಓವರ್. ಎಲ್ಲದರ ಉಳಿಕೆಯೂ ಚಿಗವ್ವನ ಓಣಿಯ ಬುಡಕ್ಕೆ ಹೋಯಿತು. ಕೊನೆಗೊಂದು ವರ್ಷ ಭರತದ ನೀರು ಒಳಗೆ ಬರಲೇ ಇಲ್ಲ. ಕೆಸರು ನೆಲವಾಗಿತ್ತು.

ನೆಲ ಆದದ್ದೇ ತಪ್ಪಾಯಿತು ನೋಡಿ.

ಈಚೆಗೆ ಚಿಗವ್ವನ ಫೋನ್ ಬಂತು. "ನೀ ಪೇಪರ್‌ನಾಗ ಬರಿತೀಯಲ್ಲೋ, ಬಾರಪ್ಪ. ಮನಿ ಕೆಡವ್ತಾರಂತ."

ಕೊಟ್ಟೂರಿನಿಂದ ಬಸ್ಸು ಬದಲಿಸುತ್ತ ಹೋದೆ. ಓಣಿಯ ಎಲ್ಲ ಬಾಗಿಲಿಗೂ ಹಳದಿ ಪೇಂಟಿನ ಗುರುತು. ಸರ್ಕಾರಿ ಆಫೀಸಿಗೆ ಹೋಗಿ ಕೇಳಿದರೆ ಸಾಹೇಬರು ಟೀ ತರಿಸಿದರು. ಇದು ನೀರಿನ ಜಾಗ, ಮನೆ ಇರುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ತಿಳಿಹೇಳಿದರು. ಹಾಗಾದರೆ ಅಲ್ಲೇ ರಿಸಾರ್ಟ್ ಬರುತ್ತದಂತಲ್ಲ? ಅದು ಡೆವಲಪ್‌ಮೆಂಟ್ ಅಂತೆ. (ಟೀ ಮಾತ್ರ ಚೆನ್ನಾಗಿತ್ತು.)

ಬರುವಾಗ ಬೀಚಿನಲ್ಲಿ ಒಂದು ದೊಡ್ಡ ಬೋರ್ಡ್ ನೋಡಿದೆ. ಊರು ಬೆಳೆದ ಕಥೆ, ಫೋಟೊ ಸಮೇತ. ಬಲೆ ಬೀಸುವ ಮೀನುಗಾರ, ಚರ್ಚು, ಗಿಟಾರ್ ಹಿಡಿದ ಬಿಳಿಯ, ಈಜುಕೊಳದ ಹೋಟೆಲು. ತಲೆಯ ಮೇಲೆ ಬುಟ್ಟಿ ಇರುವವರು ಒಬ್ಬರೂ ಇಲ್ಲ. ಹಾಗಾದರೆ ಹೋಟೆಲು ತಾನೇ ಮೊಳೆಯಿತೇ? ಕೊನೆಯ ಸಾಲಿನವರೆಗೂ ಓದಿ ಬಂದೆ.

ಚಿಗವ್ವ ಹೊಸ್ತಿಲ ಮೇಲೆ ಕೂತಿದ್ದಳು. ಸಾಹೇಬರು ಹೇಳಿದ್ದನ್ನು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ನೀರು ಬಂದಿದ್ರ ಎದ್ದು ಹೋಗ್ತಿದ್ವಿ ಬಿಡು. ಕೆರಿ ತುಂಬಿದ್ರ ಯಾರರ ನೀರಿಗೆ ಬೈತಾರೇನು? ಆದ್ರ ಈಗ ಬಂದದ್ದು ನೀರಲ್ಲಲ್ಲೋ."

ಅವಳಿಗೆ ನಮ್ಮೂರ ಕಡೆ ಬಂದು ಇರಲು ಮನೆಯಿಲ್ಲ, ಅಲ್ಲಿ ಇನ್ನೊಮ್ಮೆ ಬುಟ್ಟಿ ಹೊರಲು ಕತ್ತು ಗಟ್ಟಿಯಿಲ್ಲ. ಜೆಸಿಬಿ ಬರುವುದು ಖಂಡಿತ. ಇಷ್ಟು ಸೋತ ಮನಸ್ಸಿನಿಂದ ನಾನು ಈ ಅಂಕಣ ಬರೆದದ್ದೇ ಇಲ್ಲ.

ಬಸ್ ಸ್ಟ್ಯಾಂಡಿನವರೆಗೂ ಬಂದಳು. ಒಣ ಮೀನಿನ ಪೊಟ್ಟಣ ಕೈಗಿಟ್ಟು, "ದಪ್ಪ ಅಕ್ಷರದಾಗ ಹಾಕ್ಸಪ್ಪ. ಸಾಹೇಬ್ರು ಓದಿದ್ರ ಮನಿ ಕೆಡವೂದು ಬಿಟ್ಟಾರು" ಅಂದಳು. ಹೂಂ ಅಂದೆ.

ಹಾಕಿಸಿದ್ದೇನೆ ಚಿಗವ್ವ. ಆದರೆ ಆ ಊರಿನಲ್ಲಿ ಕನ್ನಡ ಓದಬಲ್ಲವರೆಲ್ಲ ಮನೆ ಕಳೆದುಕೊಳ್ಳುವವರೇ ಎಂದು ನಿನಗೆ ಹೇಗೆ ಹೇಳಲಿ?