ಮೇಲಿನ ಹಲಗೆ

ರಾಜಾಜಿನಗರದ ನಮ್ಮ ಬೀದಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದ ಸಾಹೇಬರು ಯಾವ ಪುಸ್ತಕ ಕೊಟ್ಟರೂ ಮೊದಲು ಮೂಸಿ ನೋಡುತ್ತಿದ್ದರು. ಅವಸರ ಮಾಡಿದರೆ, "ಅಂಟು ಒಣಗ್ಲಿ ಸಾರ್" ಅನ್ನುವುದೊಂದೇ ಉತ್ತರ. ಕುರಾನ್ ಬಂದರೆ ಮಾತ್ರ ಕೈಕಾಲು ಮುಖ ತೊಳೆದು ಬಂದು ಮುಟ್ಟುವರು, ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿಡುವರು.

ಒಂದು ಸಂಜೆ ನಾನು ಅಂಗಡಿಯಲ್ಲಿ ಕೂತಿದ್ದಾಗ ಬಿಳಿ ಶರ್ಟು, ಟೈ ತೊಟ್ಟ ಇಬ್ಬರು, ಮಾರ್ಮನ್ ಎಂಬ ಅಮೆರಿಕದ ಕ್ರೈಸ್ತ ಪಂಗಡದ ಪ್ರಚಾರಕರು, ಬೈಂಡಿಂಗ್ ಕಿತ್ತುಹೋದ ತಮ್ಮ ಗ್ರಂಥ ತಂದರು.

"ನಮ್ಮ ಪ್ರವಾದಿಗೆ ದೇವದೂತ ತೋರಿಸಿದ ಚಿನ್ನದ ಹಾಳೆಗಳಲ್ಲಿ ಇದ್ದಿದ್ದು ಇದು," ಎಂದ ಒಬ್ಬ.

"ನಮ್ಮ ಪ್ರವಾದಿಗಳಿಗೂ ದೇವದೂತರೇ ಬಂದು ಹೇಳಿದ್ದು," ಎಂದರು ಸಾಹೇಬರು.

"ನಿಮ್ಮನ್ನ ಕರೀಬೇಕು ಅನ್ಸುತ್ತೆ, ಆದ್ರೆ ನಮ್ಮ ಪವಿತ್ರ ಮಂದಿರದೊಳಗೆ ಬೇರೆಯವರು ಬರೋ ಹಾಗಿಲ್ಲ," ಎಂದು ಅವನು ಸಂಕೋಚದಿಂದ ಹೇಳಿದ.

"ನಮ್ಮ ಮೆಕ್ಕಾಗೂ ನೀವು ಬರೋ ಹಾಗಿಲ್ಲ. ಅಂಗಡಿಗೆ ಬನ್ನಿ."

ಅವರು ಹೋದ ಮೇಲೆ ಸಾಹೇಬರು ನಲ್ಲಿಯ ಕಡೆ ನಡೆದರು. ಕೈಕಾಲು ಮುಖ ತೊಳೆದು ಬಂದು ಆ ಗ್ರಂಥವನ್ನೂ ಮೇಲಿನ ಹಲಗೆಗೇರಿಸಿದರು.

"ಕುರಾನ್ ಆದ್ಮೇಲೆ ಬೇರೆ ಗ್ರಂಥ ಬರಲೇ ಇಲ್ಲ ಅಂತೀರಲ್ಲ?" ಎಂದೆ.

"ನನಗೆ ಹಾಗೇನೇ ಸಾರ್. ಆದ್ರೆ ಅವರಿಗೆ ಇದು ಮೇಲಿಂದ ಬಂದಿದ್ದು. ನಾನ್ಯಾಕೆ ಕೆಳಗಿಡ್ಲಿ?"

ಮುಂದಿನ ವಾರ ಆ ಇಬ್ಬರೂ ಗ್ರಂಥ ಒಯ್ಯಲು ಬಂದರು. ಬಾಗಿಲಲ್ಲೇ ನಿಂತು, ಮೇಲಿನ ಹಲಗೆಯಲ್ಲಿ ಕುರಾನಿನ ಪಕ್ಕ ತಮ್ಮ ಗ್ರಂಥ ಇರುವುದನ್ನು ನೋಡಿದರು. ಯಾರೂ ಹೇಳದೆಯೇ ಬೂಟು ಬಿಚ್ಚಿಟ್ಟು ಒಳಗೆ ಬಂದರು.